ಮನೆವಾರ್ತೆ: ಅಣಬೆಯ ದ್ರವಬೀಜ

ಹಾಲಿಗೆ ಹೆಪ್ಪು ಹಾಕಲರಿಯದ ಮನೆ ನಮ್ಮ ನಾಡಿನಲ್ಲಿ ಇರಲಾರದು. ರಾತ್ರಿ ಮಲಗುವ ಮುನ್ನ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮಜ್ಜಿಗೆಯನ್ನು ಬೆರೆಸಿ ಮುಚ್ಚಿಟ್ಟರೆ, ಬೆಳಗಾಗುವಷ್ಟರಲ್ಲಿ ಗಟ್ಟಿಮೊಸರು ಸಿದ್ಧವಾಗಿರುವುದು. ಅದರಿಂದ ಒಂದು ಚಮಚವನ್ನು ತೆಗೆದಿಟ್ಟರೆ ಮರುದಿನದ ಹೆಪ್ಪೂ ಸಿದ್ಧ. ಹೀಗೆ ಅಜ್ಜಿಯ ಕಾಲದ ಹೆಪ್ಪು ಮೊಮ್ಮಗಳ ಕಾಲದವರೆಗೂ ನಡೆದು ಬರುವುದುಂಟು.

ಮನೆಯಲ್ಲಿ ಅಣಬೆ ಬೆಳೆಯುವವರು ಈಚೆಗೆ ಇಂಥದೇ ಒಂದು ಹೆಪ್ಪನ್ನು ಸೀಸೆಯಲ್ಲಿ ಮಾಡಿಟ್ಟುಕೊಳ್ಳುತ್ತಿರುವರು. ತುಸು ಸಿಹಿಯಾದ ತಿಳಿನೀರನ್ನು ಕಾಯಿಸಿ, ಅದರೊಳಗಿನ ಕ್ರಿಮಿಗಳನ್ನೆಲ್ಲ ನಾಶಪಡಿಸಿ, ಆರಿದ ಮೇಲೆ ಅಣಬೆಯ ಸಣ್ಣದೊಂದು ಅಂಶವನ್ನು ಅದರಲ್ಲಿ ಬಿಟ್ಟರೆ, ಎರಡು ವಾರಗಳೊಳಗಾಗಿ ಆ ನೀರಿನಲ್ಲಿ ಬೂರುಗದ ಅರಳೆಯಂಥ ಬಿಳಿಯ ಎಳೆಗಳು ತುಂಬಿಕೊಳ್ಳುವುವು. ಬೆಳೆಗಾರರು ಇದನ್ನು ಲಿಕ್ವಿಡ್ ಕಲ್ಚರ್ ಎನ್ನುವರು. ನಾವು ಇಲ್ಲಿ ದ್ರವಬೀಜವೆಂದು ಕರೆಯುವೆವು. ಅಣಬೆಯ ಬೀಜವನ್ನು ಪ್ರತಿಸಲವೂ ಹೊರಗಿನಿಂದ ತರಿಸಿ ಬೇಸತ್ತಿರುವ ಗೃಹಸ್ಥರಿಗೆ ಈ ವಿಧಾನವು ಉಪಯುಕ್ತವಾಗಬಹುದೆಂಬ ಭಾವನೆಯಿಂದ ಈ ತಿಂಗಳ ಪುಟವನ್ನು ಅದಕ್ಕೆ ಮೀಸಲಿಟ್ಟಿರುವೆವು.

ಹೆಪ್ಪಿಗೂ ದ್ರವಬೀಜಕ್ಕೂ ಇರುವ ಭೇದ

ಹೆಪ್ಪಿನ ಹೋಲಿಕೆಯು ವಿಷಯವನ್ನು ತಿಳಿಯಲು ಅನುಕೂಲವಾದುದೇ ಸರಿ. ಆದರೆ ಅದನ್ನೇ ಪೂರ್ತಿಯಾಗಿ ನಂಬಿದವರು ಕೆಡುವರು. ಮೊಸರು ತನ್ನನ್ನು ತಾನೇ ಕಾಪಾಡಿಕೊಳ್ಳಬಲ್ಲುದು. ಹೆಪ್ಪಿನೊಡನೆ ಕೋಟ್ಯಂತರ ಸೂಕ್ಷ್ಮಜೀವಿಗಳು ಒಮ್ಮೆಗೇ ಹಾಲಿಗಿಳಿದು ಕೆಲವು ಗಂಟೆಗಳಲ್ಲಿಯೇ ಅದನ್ನು ಹುಳಿಯಾಗಿಸುವುವು. ಆ ಹುಳಿಯಲ್ಲಿ ಬೇರೆ ಕ್ರಿಮಿಗಳು ಬಹುಮಟ್ಟಿಗೆ ತಲೆಯೆತ್ತಲಾರವು. ಆದಕಾರಣವೇ ಮುಚ್ಚಳ ಸ್ವಲ್ಪ ಓರೆಯಾದರೂ, ಚಮಚ ಅಷ್ಟೇನೂ ಶುದ್ಧವಾಗಿಲ್ಲದಿದ್ದರೂ ಮೊಸರು ಮೊಸರೇ ಆಗುವುದು.

ಅಣಬೆಗೆ ಈ ಬಲವಿಲ್ಲ. ಅದು ನಿಧಾನವಾಗಿ ಬೆಳೆಯುವ ಜೀವ. ಸಿಹಿನೀರಿನಲ್ಲಿ ಅದು ಕಣ್ಣಿಗೆ ಕಾಣುವಷ್ಟು ಬೆಳೆಯಲು ಎರಡು ಮೂರು ದಿನಗಳಾದರೂ ಬೇಕು. ಬ್ಯಾಕ್ಟೀರಿಯಾಗಳಾದರೋ ಅನುಕೂಲವಾದ ಸ್ಥಿತಿಯಲ್ಲಿ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲುವು. ಒಂದೇ ಒಂದು ಕ್ರಿಮಿಯು ಅರ್ಧ ಗಂಟೆಗೊಮ್ಮೆ ಎರಡಾಗುತ್ತ ಹೋದರೆ ಹತ್ತು ಗಂಟೆಗಳಲ್ಲಿ ಅದರ ಸಂತತಿ ಹತ್ತು ಲಕ್ಷವನ್ನು ಮೀರುವುದೆಂದು ಯಾರಾದರೂ ಲೆಕ್ಕ ಹಾಕಿ ನೋಡಬಹುದು. ಮಗು ತೊಟ್ಟಿಲಲ್ಲಿ ಕಣ್ಣು ಬಿಡುವುದರೊಳಗೆ ಕಳ್ಳರು ಮನೆಯನ್ನೆಲ್ಲ ಬರಿದು ಮಾಡಿದಂತೆ ಆಗುವುದು.

ಆದುದರಿಂದ ದ್ರವಬೀಜದ ಕೆಲಸದಲ್ಲಿ ಸಕ್ಕರೆ ನೀರಿನ ಅಳತೆಗಿಂತ ಎರಡು ಸಂಗತಿಗಳು ಹೆಚ್ಚಿನವು: ಮೊದಲನೆಯದು ಬೇರೆ ಯಾವ ಜೀವವೂ ಸೀಸೆಯೊಳಗೆ ಹೋಗದಂತೆ ನೋಡಿಕೊಳ್ಳುವುದು, ಎರಡನೆಯದು, ಹೋಗಿಲ್ಲವೆಂಬುದನ್ನು ಪರೀಕ್ಷಿಸಿ ಮನಗಂಡ ಮೇಲೆಯೇ ಅದನ್ನು ಉಪಯೋಗಿಸುವುದು. ಮೊದಲನೆಯದನ್ನು ಬಹು ಮಂದಿ ಶ್ರದ್ಧೆಯಿಂದ ಮಾಡುವರು. ಎರಡನೆಯದನ್ನು ಆತುರದಿಂದ ಬಿಟ್ಟುಬಿಡುವರು. ಆ ಆತುರದ ಬೆಲೆ ಎಷ್ಟೆಂಬುದನ್ನು ಮುಂದೆ ಹೇಳುವೆವು.

ಅಣಬೆಯ ನಿಜವಾದ ದೇಹ

ನಾವು ಪಲ್ಯಕ್ಕೆ ಹೆಚ್ಚುವ ಅಣಬೆಯು ಮಾವಿನ ಹಣ್ಣಿನಂತೆ ಒಂದು ಫಲ ಮಾತ್ರ. ಮರದ ಸ್ಥಾನದಲ್ಲಿರುವುದು ಹುಲ್ಲಿನ ಒಳಗೆ, ಕಟ್ಟಿಗೆಯ ಒಳಗೆ ಹರಡಿಕೊಂಡಿರುವ ಬಿಳಿಯ ಎಳೆಗಳ ಜಾಲ. ಇದಕ್ಕೆ ಶಾಸ್ತ್ರಗಳಲ್ಲಿ ಕವಕಜಾಲವೆಂದು ಹೆಸರು. ಈ ಎಳೆಯ ಒಂದು ತುಣುಕು ಆಹಾರವಿರುವ ಸ್ಥಳದಲ್ಲಿ ಬಿದ್ದರೆ ಎಲ್ಲ ಕಡೆಗೂ ಬೆಳೆಯುವುದು. ಅಣಬೆಯ ಬೀಜವೆಂದು ಮಾರುವ ವಸ್ತುವು ವಾಸ್ತವದಲ್ಲಿ ಬೀಜವೇ ಅಲ್ಲ. ಬೇಯಿಸಿದ ಜೋಳ ಅಥವಾ ಗೋಧಿಯ ಕಾಳುಗಳ ಮೇಲೆ ಬೆಳೆಸಿದ ಈ ಎಳೆಗಳೇ. ಕಾಳುಗಳ ಮೇಲೆ ಹೀಗೆ ಬೀಜವನ್ನು ಸಿದ್ಧಪಡಿಸುವ ಕ್ರಮವನ್ನು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸಿಂಡೆನ್ ಎಂಬ ವಿದ್ವಾಂಸರು ೧೯೩೨ರಲ್ಲಿ ಪ್ರಚಾರಕ್ಕೆ ತಂದರು. ಅಣಬೆಯ ಎಳೆಗಳನ್ನು ದ್ರವದಲ್ಲಿ ಮುಳುಗಿಸಿ ಬೆಳೆಸಬಹುದೆಂಬುದನ್ನು ೧೯೪೮ರಲ್ಲಿ ಅಲ್ಲಿಯವರೇ ಆದ ಹಂಫೆಲ್ಡ್ ಎಂಬವರು ಪ್ರಕಟಿಸಿದರು.

ನಮ್ಮ ನಾಡಿಗೂ ಈ ವಿದ್ಯೆಗೂ ಹಳೆಯ ನಂಟುಂಟು. ೧೯೬೨ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಬಾನೊ ಮತ್ತು ಶ್ರೀವಾಸ್ತವ ಎಂಬ ವಿಜ್ಞಾನಿಗಳು ಬತ್ತದ ಹುಲ್ಲಿನ ಮೇಲೆ ಚಿಪ್ಪು ಅಣಬೆಯನ್ನು ಬೆಳೆಸುವ ಕ್ರಮವನ್ನು ತೋರಿಸಿಕೊಟ್ಟರು. ಅಂಗಡಿಗಳಲ್ಲಿ ಆಯ್‌ಸ್ಟರ್ ಎಂಬ ಹೆಸರಿನಿಂದ ಮಾರುವುದು ಇದೇ ಜಾತಿ. ನಮ್ಮ ಹವೆಗೆ ಒಗ್ಗುವುದು, ಬತ್ತದ ಹುಲ್ಲಿನಂಥ ಸುಲಭ ವಸ್ತುವಿನ ಮೇಲೆ ಬರುವುದು, ಎಳೆಗಳು ಚುರುಕಾಗಿ ಹರಡುವುದು, ಈ ಮೂರು ಗುಣಗಳಿಂದ ಹೊಸಬರಿಗೆ ಇದಕ್ಕಿಂತ ತಕ್ಕ ಅಣಬೆ ಬೇರೊಂದಿಲ್ಲ. ಮುಂದೆ ಹೇಳುವುದೆಲ್ಲವೂ ಚಿಪ್ಪು ಅಣಬೆಯನ್ನು ಕುರಿತದ್ದೆಂದು ತಿಳಿಯತಕ್ಕದ್ದು.

ದ್ರವವೇ ಏಕೆ ಎಂದು ಕೇಳಬಹುದು. ಕಾಳಿನ ಸೀಸೆಗೆ ಎಳೆಯ ಒಂದು ಗಟ್ಟಿ ತುಣುಕನ್ನು ಹಾಕಿದರೆ ಬೆಳೆವಣಿಗೆಯು ಆ ಒಂದೇ ಸ್ಥಳದಿಂದ ಆರಂಭವಾಗಬೇಕು. ಸೀಸೆ ತುಂಬಲು ಎರಡು ಮೂರು ವಾರಗಳಾಗಬಹುದು. ದ್ರವವನ್ನು ಚಿಮುಕಿಸಿದರೆ ನೂರಾರು ಎಳೆಗಳು ನೂರಾರು ಕಾಳುಗಳಿಗೆ ಒಮ್ಮೆಗೇ ಅಂಟಿಕೊಳ್ಳುವುವು. ಹತ್ತು ದಿನಗಳ ಸುಮಾರಿಗೆ ಕೆಲಸ ಮುಗಿಯುವುದು. ಕಾಲ ಕಡಮೆಯಾದಷ್ಟೂ ಬೂಷ್ಟಿಗೆ ಸಿಗುವ ಅವಕಾಶವೂ ಕಡಮೆ.

ಬೇಕಾಗುವ ಸಾಮಗ್ರಿಗಳು

ಅರ್ಧ ಲೀಟರು ಹಿಡಿಯುವ, ಶಾಖಕ್ಕೆ ಸೀಳದ ಗಾಜಿನ ಸೀಸೆಗಳು ಮೂರು. ಚಿಕ್ಕ ಅಗಲಬಾಯಿಯ ಸೀಸೆಗಳು ನಾಲ್ಕು. ಇವೆಲ್ಲವಕ್ಕೂ ಲೋಹದ ತಿರುಪು ಮುಚ್ಚಳಗಳು. ಸೀಸೆಗಳು ನೆಟ್ಟಗೆ ನಿಲ್ಲುವಷ್ಟು ಎತ್ತರವಾದ ಪ್ರೆಷರ್ ಕುಕ್ಕರು. ಔಷಧದ ಅಂಗಡಿಯ ಹೊಸ ಸಿರಿಂಜುಗಳು ಮತ್ತು ದಪ್ಪ ಸೂಜಿಗಳು. ಸರ್ಜಿಕಲ್ ಸ್ಪಿರಿಟ್, ಒಂದು ಸ್ಪಿರಿಟ್ ದೀಪ, ನೀರು ಹೀರದ ಅರಳೆ, ಮಕ್ಕಳು ಆಡುವ ಗಾಜಿನ ಗೋಲಿಗಳು ಮೂರು. ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆ.

ದೊಡ್ಡ ಸೀಸೆಗಳ ಮುಚ್ಚಳಕ್ಕೆ ಎರಡು ತೂತುಗಳನ್ನು ಕೊರೆಯತಕ್ಕದ್ದು. ಒಂದಕ್ಕೆ ಅರಳೆಯನ್ನು ಬಿಗಿಯಾಗಿ ತುರುಕಬೇಕು. ಇದರ ಮೂಲಕ ಅಣಬೆ ಉಸಿರಾಡುವುದು, ಧೂಳೂ ಕ್ರಿಮಿಯೂ ಅರಳೆಯಲ್ಲಿಯೇ ನಿಲ್ಲುವುವು. ಇನ್ನೊಂದನ್ನು ಶಾಖ ತಡೆಯುವ ಸಿಲಿಕೋನ್ ಅಂಟಿನಿಂದ ಮುಚ್ಚಿ ಒಂದು ದಿನ ಒಣಗಲು ಬಿಡಬೇಕು. ಈ ಅಂಟು ರಬ್ಬರಿನಂತಾಗಿ, ಸೂಜಿಯನ್ನು ಚುಚ್ಚಿ ತೆಗೆದರೂ ಮತ್ತೆ ತಾನೇ ಕೂಡಿಕೊಳ್ಳುವುದು. ಹೀಗೆ ಮುಚ್ಚಳವನ್ನು ತೆರೆಯದೆಯೇ ದ್ರವವನ್ನು ಹೊರಗೆ ತೆಗೆಯಬಹುದು. ಚಿಕ್ಕ ಸೀಸೆಗಳ ಮುಚ್ಚಳಕ್ಕೆ ತೂತು ಬೇಡ.

ಸಿಹಿನೀರಿನ ಪಾಕ

ಪ್ರಯೋಗಶಾಲೆಗಳಲ್ಲಿ ಬಹುಕಾಲದಿಂದ ನಡೆದು ಬಂದಿರುವ ಆಲೂಗೆಡ್ಡೆಯ ಕಷಾಯವೇ ಮನೆಗೂ ಸುಲಭವಾದುದು. ಸಿಪ್ಪೆ ತೆಗೆದ ಆಲೂಗೆಡ್ಡೆ ೨೦೦ ಗ್ರಾಂ ತೆಗೆದುಕೊಂಡು ತೆಳ್ಳಗೆ ಹೆಚ್ಚಿ, ಒಂದು ಲೀಟರು ನೀರಿನಲ್ಲಿ ಅರ್ಧ ಗಂಟೆ ಮೆಲ್ಲಗೆ ಬೇಯಿಸಬೇಕು. ಸೌಟಿನಿಂದ ಕಿವುಚಬಾರದು, ಕಿವುಚಿದರೆ ಪಿಷ್ಟ ಬೆರೆತು ನೀರು ಕದಡುವುದು. ಬಳಿಕ ತೆಳುಬಟ್ಟೆಯಲ್ಲಿ ಶೋಧಿಸಿ, ಸ್ವಲ್ಪ ಹೊತ್ತು ಅಲುಗಿಸದೆ ಇಟ್ಟು, ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಂಡು, ಕಡಮೆಯಾದಷ್ಟು ನೀರನ್ನು ಸೇರಿಸಿ ಮತ್ತೆ ಒಂದು ಲೀಟರು ಮಾಡತಕ್ಕದ್ದು. ಇದಕ್ಕೆ ಬಣ್ಣವಾಗಲಿ ಪರಿಮಳವಾಗಲಿ ಬೆರೆಸದ ಗ್ಲೂಕೋಸ್ ಪುಡಿ ೨೦ ಗ್ರಾಂ ಹಾಕಿ ಕರಗಿಸಬೇಕು. ಗ್ಲೂಕೋಸ್ ಸಿಗದಿದ್ದರೆ ಸಕ್ಕರೆಯೂ ಸಲ್ಲುವುದು. ಬೆಲ್ಲ ಬೇಡ, ಅದರಿಂದ ನೀರು ಕಪ್ಪಾಗುವುದು. ಇಷ್ಟೂ ಶ್ರಮ ಬೇಡವೆನ್ನುವವರು ಒಂದು ಲೀಟರು ನೀರಿಗೆ ೨೦ ಗ್ರಾಂ ಜೇನುತುಪ್ಪವನ್ನು ಬೆರೆಸಿಯೂ ಕೆಲಸ ನಡೆಸಬಹುದು.

ಸಿಹಿ ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸಕೂಡದು. ಉಪ್ಪಿನಕಾಯಿಯಲ್ಲಿ ಉಪ್ಪು, ಮುರಬ್ಬದಲ್ಲಿ ಸಕ್ಕರೆ ಹೇಗೆ ಜೀವಿಗಳ ಬೆಳೆವಣಿಗೆಯನ್ನು ತಡೆಯುವುವೋ ಹಾಗೆಯೇ ಅತಿ ಸಿಹಿಯು ಅಣಬೆಯನ್ನೂ ತಡೆಯುವುದು. ಪಾಕವು ತಿಳಿಯಾಗಿರಬೇಕೆಂಬುದಕ್ಕೂ ಕಾರಣವುಂಟು. ಕ್ರಿಮಿ ಸೇರಿದಾಗ ಕಾಣುವ ಮೊದಲ ಗುರುತೇ ನೀರು ಕದಡುವುದು. ಮೊದಲಿನಿಂದಲೇ ಕದಡಿದ ನೀರಿನಲ್ಲಿ ಆ ಗುರುತನ್ನು ಕಾಣುವ ಬಗೆ ಹೇಗೆ?

ಈ ಪಾಕದಲ್ಲಿ ೨೦೦ ಮಿಲಿಲೀಟರನ್ನು ಬೇರೆ ತೆಗೆದಿಟ್ಟು, ಉಳಿದುದನ್ನು ಮೂರು ದೊಡ್ಡ ಸೀಸೆಗಳಿಗೆ ಸಮನಾಗಿ ಹಂಚಿ, ಒಂದೊಂದರಲ್ಲಿ ಒಂದೊಂದು ಗೋಲಿಯನ್ನು ಹಾಕಬೇಕು. ಸೀಸೆ ಅರ್ಧಕ್ಕಿಂತ ತುಸು ಹೆಚ್ಚು ತುಂಬಿದರೆ ಸಾಕು. ತೆಗೆದಿಟ್ಟ ೨೦೦ ಮಿಲಿಲೀಟರಿಗೆ ೪ ಗ್ರಾಂ ಅಗರ್ ಹಾಕಿ, ಕುದಿಸಿ ಕರಗಿಸಿ, ನಾಲ್ಕು ಚಿಕ್ಕ ಸೀಸೆಗಳಿಗೆ ಹೊಯ್ಯತಕ್ಕದ್ದು. ಅಗರ್ ಎಂದರೆ ಬೇರೇನೂ ಅಲ್ಲ, ನಮ್ಮ ಅಡಿಗೆಮನೆಗಳಲ್ಲಿ ಹಾಲಿನ ಸಿಹಿತಿಂಡಿಗೆ ಹಾಕುವ ಚೈನಾ ಗ್ರಾಸ್. ಇದನ್ನು ಪ್ರಯೋಗಶಾಲೆಗೆ ಕೊಟ್ಟವರೂ ಒಬ್ಬ ಗೃಹಿಣಿಯೇ ಎಂಬುದು ಸಂತೋಷದ ಸಂಗತಿ. ಜರ್ಮನಿಯಲ್ಲಿ ರಾಬರ್ಟ್ ಕೋಖ್ ಎಂಬ ಪ್ರಸಿದ್ಧ ವಿಜ್ಞಾನಿಯ ಬಳಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯವರ ಜೆಲಟಿನ್ ಪಾಕಗಳು ಬೇಸಗೆಯಲ್ಲಿ ಕರಗಿ ಹಾಳಾಗುತ್ತಿದ್ದುವು. ಅವರ ಪತ್ನಿ ಫ್ಯಾನಿ ಹೆಸ್ಸೆಯವರು, ತಾವು ಅಡಿಗೆಯಲ್ಲಿ ಬಳಸುತ್ತಿದ್ದ ಅಗರನ್ನು ೧೮೮೧ರಲ್ಲಿ ಸೂಚಿಸಿದರು. ಅಂದಿನಿಂದ ಇಂದಿನವರೆಗೂ ಲೋಕದ ಪ್ರಯೋಗಶಾಲೆಗಳೆಲ್ಲ ಅದನ್ನೇ ಬಳಸುತ್ತಿರುವುವು.

ಶಾಖದಿಂದ ಶುದ್ಧಿ

ಕುದಿಯುವ ನೀರಿನಲ್ಲಿ ಎಲ್ಲ ಕ್ರಿಮಿಗಳೂ ಸಾಯುವುವೆಂಬುದು ತಪ್ಪು ತಿಳಿವಳಿಕೆ. ಕೆಲವು ಬ್ಯಾಕ್ಟೀರಿಯಾಗಳು ಗಟ್ಟಿ ಕವಚದ ಬೀಜರೂಪವನ್ನು ತಾಳಿ ಕುದಿತವನ್ನು ಸಹಿಸಿಕೊಳ್ಳುವುವು. ನೀರು ಆರಿದ ಮೇಲೆ ಮತ್ತೆ ಮೊಳೆಯುವುವು. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ನೀರು ೯೭ ಡಿಗ್ರಿಯ ಸುಮಾರಿನಲ್ಲಿಯೇ ಕುದಿಯುವುದು. ಇವುಗಳನ್ನು ಕೊಲ್ಲಲು ಸುಮಾರು ೧೨೧ ಡಿಗ್ರಿಯ ಶಾಖ ಬೇಕು. ಅದು ಒತ್ತಡದ ಉಗಿಯಿಂದ ಮಾತ್ರ ಸಾಧ್ಯ. ನಮ್ಮ ಮನೆಗಳ ಕುಕ್ಕರು ಸರಿಯಾದ ಸ್ಥಿತಿಯಲ್ಲಿದ್ದರೆ ಸುಮಾರು ೧೫ ಪೌಂಡಿನ ಒತ್ತಡವನ್ನು ಕೊಡುವುದು. ಈ ಕೆಲಸಕ್ಕೆ ಅದು ಸಾಕು.

ಕುಕ್ಕರಿನ ತಳದಲ್ಲಿ ಜಾಲರಿಯ ತಟ್ಟೆಯನ್ನಿಟ್ಟು ಎರಡು ಬೆರಳೆತ್ತರ ನೀರು ಹೊಯ್ದು ಸೀಸೆಗಳನ್ನು ನಿಲ್ಲಿಸಬೇಕು. ಎಲ್ಲ ಮುಚ್ಚಳಗಳನ್ನೂ ಅರ್ಧ ಸುತ್ತು ಸಡಿಲವಾಗಿ ಬಿಡಬೇಕು. ಬಿಗಿಯಾಗಿದ್ದರೆ ಸೀಸೆ ಒಡೆಯುವ ಭಯವುಂಟು. ಅರಳೆಯು ತೊಯ್ಯದಂತೆ ಮುಚ್ಚಳದ ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಹೊದಿಸಬೇಕು. ಮೊದಲು ಉಗಿಯು ಧಾರಾಳವಾಗಿ ಹೊರಬರುವವರೆಗೂ ತೂಕದ ಗುಂಡನ್ನು ಇಡಬಾರದು. ಒಳಗಿನ ಗಾಳಿ ಹೊರಗೆ ಹೋಗದಿದ್ದರೆ ಶಾಖ ಸರಿಯಾಗಿ ಏರದು. ಗುಂಡನ್ನಿಟ್ಟು ಮೊದಲ ಕೂಗಾದ ಮೇಲೆ ಉರಿಯನ್ನು ತಗ್ಗಿಸಿ ಅಲ್ಲಿಂದ ೨೫ ನಿಮಿಷ ಎಣಿಸತಕ್ಕದ್ದು. ಇದಕ್ಕಿಂತ ಬಹಳ ಹೆಚ್ಚಾದರೆ ಸಕ್ಕರೆ ಕಂದಿ ನೀರು ಕೆಂಪಾಗುವುದು.

ಉರಿ ಆರಿಸಿದ ಮೇಲೆ ಗುಂಡನ್ನು ಎತ್ತಿ ಉಗಿಯನ್ನು ಬಿಡಕೂಡದು. ಹಾಗೆ ಮಾಡಿದರೆ ಸೀಸೆಯೊಳಗಿನ ದ್ರವವು ಒಮ್ಮೆಗೇ ಉಕ್ಕಿ ಅರಳೆಯನ್ನು ತೊಯಿಸುವುದು, ಕೈಯನ್ನೂ ಸುಡಬಹುದು. ತಾನಾಗಿಯೇ ತಣಿಯಲಿ. ಕೈಗೆ ಬಿಸಿ ತಾಕದಷ್ಟಾದಾಗ ಸೀಸೆಗಳನ್ನು ತೆಗೆದು ಮುಚ್ಚಳಗಳನ್ನು ಬಿಗಿಮಾಡಿ, ಅಗರಿನ ಚಿಕ್ಕ ಸೀಸೆಗಳನ್ನು ಪಾಕವು ಹೆಪ್ಪುಗಟ್ಟುವ ಮುನ್ನವೇ ಓರೆಯಾಗಿ ಒರಗಿಸಿಡಬೇಕು. ಸೀಸೆಗಳನ್ನೆಲ್ಲ ಮೂರು ದಿನ ಹಾಗೆಯೇ ಇಟ್ಟು ನೋಡುವುದು ಉತ್ತಮ. ಏನನ್ನೂ ಹಾಕದ ನೀರು ಕದಡಿದರೆ ಶುದ್ಧಿ ಸಾಲಲಿಲ್ಲವೆಂದು ಆಗಲೇ ತಿಳಿದುಹೋಗುವುದು.

ಮೂಲಬೀಜ ಎಲ್ಲಿಂದ?

ಮೂಲಬೀಜವನ್ನು ನಂಬಿಕೆಯ ಪ್ರಯೋಗಶಾಲೆಯಿಂದಲೇ ತರಿಸತಕ್ಕದ್ದು. ಹಿಮಾಚಲ ಪ್ರದೇಶದ ಸೋಲನ್ನಿನಲ್ಲಿ ೧೯೮೩ರಲ್ಲಿ ಸ್ಥಾಪಿತವಾಗಿ ಈಗ ಅಣಬೆ ಸಂಶೋಧನಾ ನಿರ್ದೇಶನಾಲಯವೆನಿಸಿರುವ ಸಂಸ್ಥೆಯೂ, ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಈ ವಿಷಯದಲ್ಲಿ ಪ್ರಸಿದ್ಧವಾದುವು. ಅಗರಿನ ಮೇಲೆ ಬೆಳೆಸಿದ ಶುದ್ಧ ಎಳೆಯನ್ನು ಕೇಳಬೇಕು.

ಮಳೆಗಾಲದಲ್ಲಿ ಕಾಡಿನಲ್ಲಿ, ಹಿತ್ತಿಲಲ್ಲಿ ಏಳುವ ಅಣಬೆಗಳನ್ನು ಈ ಕೆಲಸಕ್ಕೆ ಎಂದಿಗೂ ತರಕೂಡದು. ಬೆಳ್ಳಿಯ ಚಮಚ ಕಪ್ಪಾದರೆ ವಿಷ, ಬೆಳ್ಳುಳ್ಳಿಯ ಬಣ್ಣ ಬದಲಾದರೆ ವಿಷ ಎಂಬ ಮಾತುಗಳಿಗೆ ಆಧಾರವಿಲ್ಲ. ಅತಿ ಘೋರವಾದ ಅಣಬೆಯ ವಿಷವು ಬೇಯಿಸಿದರೂ ನಾಶವಾಗದು. ಮೇಲಾಗಿ ನಮ್ಮ ಮಲೆನಾಡಿನವರು ಬಾಯಲ್ಲಿ ನೀರೂರಿಸಿಕೊಂಡು ಕಾಯುವ ಹುತ್ತದ ಅಣಬೆಯು ಗೆದ್ದಲಿನ ಸಹವಾಸದಲ್ಲಿ ಬೆಳೆಯುವಂಥದು. ಸೀಸೆಯಲ್ಲಿ ಎಳೆ ಬಂದರೂ ಹುಲ್ಲಿನ ಚೀಲದಲ್ಲಿ ಅದು ಫಲ ಕೊಡುವುದಿಲ್ಲ.

ಬಿತ್ತುವ ಕ್ರಮ

ಈ ಕೆಲಸಕ್ಕೆ ಗಾಳಿಯ ಓಡಾಟವಿಲ್ಲದ ಚಿಕ್ಕ ಕೋಣೆ ಬೇಕು. ಬೀಸಣಿಗೆಯನ್ನು ನಿಲ್ಲಿಸಿ, ಕಿಟಕಿ ಬಾಗಿಲುಗಳನ್ನು ಮುಚ್ಚಿ, ಧೂಳು ಕೆಳಗಿಳಿಯಲು ಕಾಲು ಗಂಟೆ ಬಿಡಬೇಕು. ಪ್ಲಾಸ್ಟಿಕ್ ಪೆಟ್ಟಿಗೆಯ ಒಂದು ಪಕ್ಕದಲ್ಲಿ ಕೈಗಳು ತೂರುವಷ್ಟು ಎರಡು ತೂತುಗಳನ್ನು ಮಾಡಿ, ಅದನ್ನು ಮೇಜಿನ ಮೇಲೆ ಬೋರಲು ಹಾಕಿದರೆ ಗಾಳಿಯಾಡದ ಚಿಕ್ಕ ಮನೆಯೊಂದು ಸಿದ್ಧವಾಗುವುದು. ಅದರ ಒಳಭಾಗ, ಸೀಸೆಗಳ ಹೊರಭಾಗ, ಕೈಗಳು ಎಲ್ಲವನ್ನೂ ಸ್ಪಿರಿಟ್‌ನಿಂದ ಒರಸಬೇಕು. ನೂರಕ್ಕೆ ಎಪ್ಪತ್ತು ಪಾಲು ಸ್ಪಿರಿಟ್, ಉಳಿದುದು ನೀರು, ಹೀಗಿದ್ದರೆ ಕ್ರಿಮಿನಾಶಕ ಶಕ್ತಿ ಹೆಚ್ಚು. ಕೂದಲನ್ನು ಕಟ್ಟಿಕೊಂಡು ಬಾಯಿ ಮೂಗುಗಳಿಗೆ ಬಟ್ಟೆ ಕಟ್ಟಿಕೊಳ್ಳುವುದು ಅವಶ್ಯಕ. ಕೆಲಸದ ನಡುವೆ ಮಾತು ಬೇಡ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಸ್ಪಿರಿಟ್‌ನ ಆವಿಯು ಪೆಟ್ಟಿಗೆಯಲ್ಲಿ ತುಂಬಿಕೊಂಡಿರುವಾಗ ದೀಪ ಹಚ್ಚಿದರೆ ಭಗ್ಗನೆ ಹೊತ್ತಿಕೊಳ್ಳುವುದು. ಒರಸಿದ ಸ್ಪಿರಿಟ್ ಪೂರ್ತಿಯಾಗಿ ಆರಿದ ಮೇಲೆ, ಸ್ಪಿರಿಟ್ ಸೀಸೆಯನ್ನು ದೂರವಿರಿಸಿ, ಪೆಟ್ಟಿಗೆಯ ಹೊರಗೆ ಮಾತ್ರ ದೀಪವನ್ನು ಹಚ್ಚತಕ್ಕದ್ದು. ಮಕ್ಕಳು ಹತ್ತಿರ ಸುಳಿಯಕೂಡದು.

ಚಿಕ್ಕ ಚೂರಿಯ ಮೊನೆಯನ್ನು ದೀಪದಲ್ಲಿ ಕೆಂಪಗೆ ಕಾಯಿಸಿ, ಪೆಟ್ಟಿಗೆಯೊಳಗೆ ತಂದು ಆರಿಸಿ, ಮೂಲಬೀಜದ ಅಗರಿನಿಂದ ತೊಗರಿಬೇಳೆಯಷ್ಟು ಗಾತ್ರದ ಮೂರು ನಾಲ್ಕು ತುಣುಕುಗಳನ್ನು ಕತ್ತರಿಸಿಕೊಳ್ಳಬೇಕು. ಸೀಸೆಯ ಮುಚ್ಚಳವನ್ನು ಪೂರ್ತಿಯಾಗಿ ತೆಗೆದಿಡದೆ, ಒಂದು ಕಡೆ ಎತ್ತಿ ಹಿಡಿದು, ತುಣುಕುಗಳನ್ನು ದ್ರವದಲ್ಲಿ ಬಿಟ್ಟು ಕೂಡಲೇ ಮುಚ್ಚಬೇಕು. ಒಂದು ಅಗರಿನ ಸೀಸೆಗೂ ಒಂದು ತುಣುಕನ್ನು ಹಾಕಿಟ್ಟರೆ ಅದೇ ಮುಂದಿನ ಮೂಲಬೀಜವಾಗುವುದು. ಉಳಿದ ಮೂರು ಅಗರಿನ ಸೀಸೆಗಳನ್ನು ಪರೀಕ್ಷೆಗೆಂದು ಮುಚ್ಚಿಡತಕ್ಕದ್ದು.

ಬೆಳೆವಣಿಗೆ

ಸೀಸೆಗಳನ್ನು ಬಿಸಿಲು ಬೀಳದ ಸ್ಥಳದಲ್ಲಿ, ೨೫ರಿಂದ ೨೮ ಡಿಗ್ರಿಯ ಹವೆಯಲ್ಲಿ ಇಡಬೇಕು. ಎರಡು ಮೂರು ದಿನಗಳಲ್ಲಿ ತುಣುಕುಗಳ ಸುತ್ತ ಬಿಳಿಯ ನವಿರು ಕಾಣಿಸುವುದು. ಅಲ್ಲಿಂದ ದಿನಕ್ಕೊಂದೆರಡು ಸಲ ಸೀಸೆಯನ್ನು ಮೆಲ್ಲಗೆ ಸುತ್ತಿಸಿದರೆ ಗೋಲಿಯು ಉರುಳಿ ಎಳೆಗಳನ್ನು ಕತ್ತರಿಸುವುದು. ಕತ್ತರಿಸಿದ ಒಂದೊಂದು ಚೂರೂ ಹೊಸದಾಗಿ ಬೆಳೆಯುವುದು. ಗಾಳಿಯೂ ದ್ರವದೊಳಗೆ ಬೆರೆಯುವುದು. ಆದರೆ ದ್ರವವು ಅರಳೆಗೆ ತಾಕುವಂತೆ ಕುಲುಕಕೂಡದು. ತೊಯ್ದ ಅರಳೆಯು ಕ್ರಿಮಿಗಳಿಗೆ ಸೇತುವೆಯಾಗುವುದು. ಎಂಟರಿಂದ ಹದಿನಾಲ್ಕು ದಿನಗಳಲ್ಲಿ ದ್ರವಬೀಜ ಬೆಳೆದು ನಿಲ್ಲುವುದು.

ಒಳ್ಳೆಯ ದ್ರವಬೀಜದಲ್ಲಿ ಬಿಳಿಯ ಎಳೆಗಳ ಮುದ್ದೆಗಳು ಮೋಡಗಳಂತೆ ತೇಲುತ್ತಿದ್ದು, ಅವುಗಳ ನಡುವಿನ ನೀರು ತಿಳಿಯಾಗಿರುವುದು. ನೀರೆಲ್ಲ ಒಂದೇ ಸಮನಾಗಿ ಅಕ್ಕಿ ತೊಳೆದ ನೀರಿನಂತೆ ಕದಡಿದ್ದರೆ ಬ್ಯಾಕ್ಟೀರಿಯಾ ಸೇರಿದೆ. ತಳದಲ್ಲಿ ನುಣುಪಾದ ಗಸಿ ನಿಂತು, ಅಲುಗಿಸಿದಾಗ ಹೊಗೆಯಂತೆ ಎದ್ದರೆ ಯೀಸ್ಟ್ ಇರಬಹುದು. ಹಸಿರು ಅಥವಾ ಕಪ್ಪು ಬಣ್ಣವು ಮೇಲ್ಭಾಗದಲ್ಲಿ ಕಂಡರೆ ಬೂಷ್ಟು. ಇಂಥ ಸೀಸೆಯನ್ನು ತೆರೆದು ಮೂಸಿ ನೋಡುವುದಾಗಲಿ, ಮೋರಿಗೆ ಚೆಲ್ಲುವುದಾಗಲಿ ಕೂಡದು. ಮುಚ್ಚಿದಂತೆಯೇ ಕುಕ್ಕರಿನಲ್ಲಿಟ್ಟು, ಮುಚ್ಚಳವನ್ನು ಸಡಿಲಿಸಿ, ಅರ್ಧ ಗಂಟೆಗೂ ಮೇಲ್ಪಟ್ಟು ಉಗಿಯಲ್ಲಿ ಬೇಯಿಸಿದ ತರುವಾಯವೇ ಚೆಲ್ಲತಕ್ಕದ್ದು. ಕುಕ್ಕರನ್ನು ಅಡಿಗೆಗೆ ಮತ್ತೆ ಬಳಸುವುದಾದರೆ ಚೆನ್ನಾಗಿ ತೊಳೆಯಬೇಕು. ಇದಕ್ಕೆಂದೇ ಹಳೆಯದೊಂದನ್ನು ಬೇರೆ ಇಟ್ಟುಕೊಂಡರೆ ಇನ್ನೂ ಲೇಸು.

ಪರೀಕ್ಷೆ

ಇನ್ನು ಮುಖ್ಯವಾದ ಮಾತು. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ದ್ರವಬೀಜ ಶುದ್ಧವೆಂದು ಹೇಳಲಾಗದು. ಕ್ರಿಮಿಗಳ ಸಂಖ್ಯೆ ಲಕ್ಷಗಳನ್ನು ದಾಟಿದ ಮೇಲೂ ಕೆಲವು ವೇಳೆ ಕಣ್ಣಿಗೆ ಕದಡು ಕಾಣಿಸದು. ಎಳೆಗಳ ಮುದ್ದೆಯೊಳಗೆ ಅವು ಅಡಗಿಯೂ ಇರಬಹುದು. ಗಟ್ಟಿಯಾದ ಅಗರಿನ ಮೇಲಾದರೆ ಪ್ರತಿಯೊಂದು ಜೀವವೂ ಬಿದ್ದ ಸ್ಥಳದಲ್ಲಿಯೇ ನಿಂತು ಬೆಳೆದು ತನ್ನ ಗುಟ್ಟನ್ನು ತಾನೇ ಹೊರಗೆಡಹುವುದು.

ಸೂಜಿಯನ್ನು ದೀಪದಲ್ಲಿ ಕಾಯಿಸಿ ಆರಿಸಿ, ಮುಚ್ಚಳದ ಸಿಲಿಕೋನ್ ಭಾಗವನ್ನು ಸ್ಪಿರಿಟ್‌ನಿಂದ ಒರಸಿ, ಅದು ಆರಿದ ಮೇಲೆ ಚುಚ್ಚಿ ಸ್ವಲ್ಪ ದ್ರವವನ್ನು ತೆಗೆದು, ಒಂದೊಂದು ದೊಡ್ಡ ಸೀಸೆಯಿಂದ ಒಂದೊಂದು ಅಗರಿನ ಸೀಸೆಗೆ ಎರಡು ಹನಿಗಳನ್ನು ಬಿಡಬೇಕು. ಸೀಸೆಗೊಂದರಂತೆ ಬೇರೆ ಬೇರೆ ಸಿರಿಂಜು ಇರಲಿ. ಯಾವ ಹನಿ ಯಾವ ಸೀಸೆಯದೆಂದು ಚೀಟಿ ಅಂಟಿಸಬೇಕು. ಒಂದೆರಡು ದಿನಗಳಲ್ಲಿಯೇ ಜಿಗುಟಾದ, ಹೊಳೆಯುವ ಚುಕ್ಕೆಗಳು ಕಂಡರೆ ಅವು ಬ್ಯಾಕ್ಟೀರಿಯಾ. ಬರಿಯ ಬಿಳಿಯ ಎಳೆಗಳು ಬೀಸಣಿಗೆಯಂತೆ ಹರಡುತ್ತ ಹೋಗಿ, ಏಳು ದಿನ ಕಳೆದರೂ ಬೇರೇನೂ ಕಾಣದಿದ್ದರೆ ಆಗ ಆ ದ್ರವಬೀಜವನ್ನು ನಂಬಬಹುದು.

ಈ ಏಳು ದಿನಗಳ ಕಾಯುವಿಕೆಯೇ ಹಲವರಿಗೆ ಕಷ್ಟವಾಗುವುದು. ಲೆಕ್ಕವನ್ನು ನೋಡಿರಿ. ಅರ್ಧ ಕಿಲೋ ಕಾಳಿನ ಒಂದು ಸೀಸೆಗೆ ೫ ಮಿಲಿಲೀಟರು ದ್ರವ ಸಾಕು. ಹಾಗಾದರೆ ಒಂದು ಹನ್ನೆರಡು ಸೀಸೆ ಕಾಳಿಗೆ ಬೇಕಾಗುವುದು ಕೇವಲ ೬೦ ಮಿಲಿಲೀಟರು. ಆ ೬೦ ಮಿಲಿಲೀಟರು ಕೆಟ್ಟದ್ದಾಗಿದ್ದರೆ ಆರು ಕಿಲೋ ಜೋಳ, ಅದನ್ನು ನೆನೆಸಿ ಬೇಯಿಸಿದ ಶ್ರಮ, ಗಂಟೆಗಟ್ಟಲೆ ಉರಿದ ಸೌದೆ ಅಥವಾ ಅನಿಲ, ಎರಡು ವಾರಗಳ ಕಾಲ, ಎಲ್ಲವೂ ಹುಳಿವಾಸನೆಯ ಮುದ್ದೆಯಾಗಿ ತಿಪ್ಪೆಗೆ ಹೋಗುವುದು. ಹಳೆಯ ಕ್ರಮದಲ್ಲಿ ಒಂದು ತುಣುಕು ಕೆಟ್ಟರೆ ಒಂದು ಸೀಸೆ ಮಾತ್ರ ಕೆಡುತ್ತಿತ್ತು. ದ್ರವಬೀಜವು ಒಳ್ಳೆಯದನ್ನು ಎಷ್ಟು ಬೇಗ ಹರಡುವುದೋ ಕೆಟ್ಟದ್ದನ್ನೂ ಅಷ್ಟೇ ಬೇಗ ಹರಡುವುದು. ಮಾರಾಟಕ್ಕೆಂದು ಬೆಳೆಯುವ ಸಂಸಾರಕ್ಕೆ ಇದು ಒಂದು ತಿಂಗಳ ಗಳಿಕೆಯ ಪ್ರಶ್ನೆ. ಏಳು ದಿನ ಕಾಯುವುದು ಇದಕ್ಕಿಂತ ಅಗ್ಗವಲ್ಲವೆ?

ಉಪಯೋಗ ಮತ್ತು ಸಂಗ್ರಹ

ಪರೀಕ್ಷೆಯಲ್ಲಿ ಗೆದ್ದ ದ್ರವಬೀಜವನ್ನು, ಒಡೆಯದಂತೆ ಬೇಯಿಸಿ ಬಸಿದು ಕುಕ್ಕರಿನಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ಶುದ್ಧಿಮಾಡಿದ ಜೋಳದ ಸೀಸೆಗಳಿಗೆ, ಅವು ಪೂರ್ತಿ ತಣಿದ ಮೇಲೆ ಹಾಕತಕ್ಕದ್ದು. ನೇರವಾಗಿ ಹುಲ್ಲಿನ ಚೀಲಕ್ಕೇ ದ್ರವವನ್ನು ಸುರಿದರೆ ಒಂದು ಹಂತ ಉಳಿಯುವುದಲ್ಲವೆ ಎಂದು ಕೆಲವರು ಯೋಚಿಸುವರು. ಬಿಸಿನೀರಿನಲ್ಲಿ ಅದ್ದಿ ತೆಗೆದ ಹುಲ್ಲು ಪೂರ್ಣ ನಿರ್ಜೀವವಾಗಿರುವುದಿಲ್ಲ. ಅದರಲ್ಲಿ ಉಳಿದ ಕ್ರಿಮಿಗಳಿಗೆ ನಮ್ಮ ಸಿಹಿನೀರು ಔತಣವಾಗುವುದು. ಕಾಳಿನ ಮೇಲೆ ಬೆಳೆದು ಬಲಿತ ಎಳೆಯಾದರೆ ತನ್ನ ಬುತ್ತಿಯನ್ನು ತಾನೇ ಹೊತ್ತುಕೊಂಡು ಹೋಗಿ ಹುಲ್ಲನ್ನು ಗೆಲ್ಲುವುದು.

ಉಳಿದ ದ್ರವಬೀಜವನ್ನು ರೆಫ್ರಿಜರೇಟರಿನಲ್ಲಿ ಎರಡು ಮೂರು ತಿಂಗಳು ಇಡಬಹುದು. ಗುಲಾಬಿ ಬಣ್ಣದ ಚಿಪ್ಪು ಅಣಬೆ ಮಾತ್ರ ಚಳಿಯನ್ನು ಸಹಿಸದು. ಅದನ್ನು ಹೊರಗಿನ ತಂಪು ಸ್ಥಳದಲ್ಲಿಟ್ಟು ಬೇಗನೆ ಬಳಸಬೇಕು. ಸೀಸೆಯ ಮೇಲೆ ಜಾತಿಯ ಹೆಸರು, ತಾರೀಖು, ಕುಡಿಯಬಾರದೆಂಬ ಸೂಚನೆ, ಮೂರನ್ನೂ ದಪ್ಪಕ್ಷರದಲ್ಲಿ ಬರೆದು, ತಿನ್ನುವ ಪದಾರ್ಥಗಳಿಂದ ಬೇರೆಯಾಗಿ ಮುಚ್ಚಿದ ಡಬ್ಬಿಯಲ್ಲಿ ಇಡತಕ್ಕದ್ದು.

ಹೆಪ್ಪಿನ ಅಭ್ಯಾಸದಿಂದ ಇನ್ನೊಂದು ತಪ್ಪೂ ಸಂಭವಿಸುವುದುಂಟು. ಒಂದು ದ್ರವದಿಂದ ಇನ್ನೊಂದು ದ್ರವ, ಅದರಿಂದ ಮತ್ತೊಂದು, ಹ���ಗೆ ವರುಷಗಟ್ಟಲೆ ಸಾಗಿಸುವ ಆಸೆ ಬರುವುದು. ಪ್ರತಿಸಲವೂ ಕಾಣದ ಕ್ರಿಮಿ ಜೊತೆಯಲ್ಲಿ ಸಾಗುವ ಅಪಾಯ ಹೆಚ್ಚುವುದಲ್ಲದೆ, ಎಳೆಯ ಶಕ್ತಿಯೂ ಕ್ರಮೇಣ ಕುಂದಿ ಫಲ ಕಡಮೆಯಾಗುವುದು. ಆದುದರಿಂದ ಹೊಸ ದ್ರವವನ್ನು ಯಾವಾಗಲೂ ತೆಗೆದಿಟ್ಟ ಅಗರಿನ ಮೂಲಬೀಜದಿಂದಲೇ ಮಾಡಬೇಕು. ಆ ಮೂಲಬೀಜವನ್ನೂ ಆಗಾಗ ಪ್ರಯೋಗಶಾಲೆಯಿಂದ ಹೊಸದಾಗಿ ತರಿಸಿಕೊಳ್ಳಬೇಕು.

ಒಂದು ಸೀಸೆ, ಒಂದು ಕುಕ್ಕರು, ಎರಡು ಆಲೂಗೆಡ್ಡೆ, ಒಂದು ಹಿಡಿ ಸಕ್ಕರೆ. ಇದರಲ್ಲಿ ಮನೆಯಲ್ಲಿ ದೊರೆಯದ ವಸ್ತು ಹೆಚ್ಚೇನೂ ಇಲ್ಲ. ದೊರಕಿಸಿಕೊಳ್ಳಬೇಕಾದುದು ಶುಚಿತ್ವವನ್ನೂ ತಾಳ್ಮೆಯನ್ನೂ. ಮಡಿಯಲ್ಲಿ ಅಡಿಗೆ ಮಾಡಿ, ಉಪ್ಪಿನಕಾಯಿಯ ಭರಣಿಗೆ ಒದ್ದೆ ಕೈ ತಾಗಿಸದೆ ವರುಷವಿಡೀ ಕಾಪಾಡುವ ನಮ್ಮ ಮನೆಗಳಲ್ಲಿ ಮೊದಲನೆಯದಕ್ಕೆ ಕೊರತೆಯಿಲ್ಲ. ಎರಡನೆಯದನ್ನೂ ಏಳು ದಿನಗಳ ಮಟ್ಟಿಗೆ ಕೂಡಿಸಿಕೊಂಡರೆ ಕೆಲಸ ಕೈಗೂಡುವುದು. ಜೋಳದ ಸೀಸೆಯಿಂದ ಹುಲ್ಲಿನ ಚೀಲಕ್ಕೆ, ಚೀಲದಿಂದ ಬಾಣಲೆಗೆ ಅಣಬೆ ಬರುವ ಕ್ರಮವನ್ನು ಮುಂದಿನ ತಿಂಗಳು ಹೇಳುವೆವು. ಅಷ್ಟರಲ್ಲಿ ವಾಚಕರು ಪಾಕವನ್ನು ಕಾಯಿಸಿ, ಪರೀಕ್ಷೆಯ ಸೀಸೆಗಳಿಗೆ ಚೀಟಿ ಅಂಟಿಸಿಟ್ಟಿರಲಿ.